ಟೆಸರಾಕ್ಟ್ ಕನ್ನಡ ಪ್ಯಾಕೇಜನ್ನು ಉಬುಂಟು ‘ಮೇನ್’ಗೆ ಸೇರಿಸಲು ಯಾರನ್ನು ಕೇಳಬೇಕು?

ವಾಚನಾಲಯ_ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಒಂದು ಸಣ್ಣ ವಾಚನಾಲಯದಲ್ಲಿ ಕೆಲಸ ಮಾಡುತ್ತೇನೆ. ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಓಸಿಆರ್ ಮಾಡಿ (ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸಿ ಪಠ್ಯವಾಗಿಸಿ), ಬೇಕಾದ ಶಬ್ದ ಹುಡುಕಿದರೆ ಸಿಗುವಂತೆ ಇಡುತ್ತಿದ್ದೇವೆ. ಫ.ಗು. ಹಳಕಟ್ಟಿಯವರು ದುಡಿದ ಊರಿದು. ಅವರು ಅಚ್ಚು ಹಾಕಿಸಿದ ಪುಸ್ತಕಗಳನ್ನು ಜನ ಅಟ್ಟದಿಂದ ಇಳಿಸಿ ನಮಗೆ ತಂದು ಕೊಡುತ್ತಾರೆ. ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ನಮಗೆ ಅವಸರ.

ನಮ್ಮ ಮಷೀನುಗಳಲ್ಲಿ ಉಬುಂಟು ಲಿನಕ್ಸ್ 24.04 ಇದೆ. ಓಸಿಆರ್ ಮಾಡುವ ಟೆಸರಾಕ್ಟ್, ಅದರ ಕನ್ನಡ ಡೇಟಾ ಪ್ಯಾಕೇಜ್, ಪುಟದ ಚಿತ್ರ ತಿದ್ದಲು ಇಮೇಜ್‌ಮ್ಯಾಜಿಕ್, ಇಷ್ಟನ್ನೇ ಬಳಸುತ್ತೇವೆ. ಹೋದ ವಾರ ನಮಗೆ ಹಣದ ನೆರವು ಕೊಡುವವರ ಕಡೆಯಿಂದ ಒಬ್ಬರು ಕಂಪ್ಯೂಟರ್ ತಪಾಸಣೆಗೆ ಬಂದಿದ್ದರು. ‘ಆಪ್ಟ್ ಪಾಲಿಸಿ’ ಹೊಡೆದು ನೋಡಿದರು. ಇವೆಲ್ಲ ಉಬುಂಟುವಿನ ‘ಯೂನಿವರ್ಸ್’ ಅನ್ನುವ, ಸಮುದಾಯ ನೋಡಿಕೊಳ್ಳುವ ವಿಭಾಗದಲ್ಲಿವೆ, ಅಧಿಕೃತ ಬೆಂಬಲ ಇಲ್ಲ, ಬೆಂಬಲ ಇರುವ ಸಾಫ್ಟ್‌ವೇರ್ ಮಾತ್ರ ಬಳಸಬೇಕು ಅಂತ ಬರೆದುಕೊಟ್ಟು ಹೋದರು. ಅಪ್‌ಗ್ರೇಡ್ ಮಾಡುವಾಗಲೂ ‘ಹೆಚ್ಚಿನ ಭದ್ರತಾ ಅಪ್‌ಡೇಟ್ ಬೇಕಾದರೆ ಉಬುಂಟು ಪ್ರೊ’ ಅಂತ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಇಮೇಜ್‌ಮ್ಯಾಜಿಕ್ ಇದೆ.

ಹುಡುಕಿದಾಗ ಎಂಐಆರ್ ಅನ್ನೋ ಪರಿಶೀಲನೆ ಪಾಸಾದರೆ ಪ್ಯಾಕೇಜ್ ‘ಮೇನ್’ ಅನ್ನೋ ವಿಭಾಗಕ್ಕೆ ಹೋಗುತ್ತದೆ, ಆಗ ಅಧಿಕೃತ ಬೆಂಬಲ ಸಿಗುತ್ತದೆ ಅಂತ ತಿಳಿಯಿತು. ನಾವೇ ಅರ್ಜಿ ಹಾಕಬಹುದಾ? ಅವರು ಏನು ನೋಡುತ್ತಾರೆ? ಕನ್ನಡ ಓದುವ ಪ್ಯಾಕೇಜ್ ಒಂದನ್ನಾದರೂ ಆ ಕಡೆ ದಾಟಿಸಬೇಕು ಅಂತ ಮನಸ್ಸಿದೆ. ಪ್ರೋಗ್ರಾಮಿಂಗ್ ನನಗೆ ಅಷ್ಟಾಗಿ ಬರುವುದಿಲ್ಲ, ಟರ್ಮಿನಲ್ ಬಳಸಲು ಬರುತ್ತದೆ.

ಟಿಳಕವಾಡಿ_ಅಡ್ಮಿನ್

ಬೆಳಗಾವಿಯಿಂದ ನಮಸ್ಕಾರ ಮೇಡಂ. ತಕ್ಷಣಕ್ಕೆ ದಾರಿ ಹೇಳುತ್ತೇನೆ. ಉಬುಂಟು ಪ್ರೊ ಖಾತೆ ಮಾಡಿ. 5 ಮಷೀನುಗಳವರೆಗೆ ಉಚಿತ. ‘ಪ್ರೊ ಅಟ್ಯಾಚ್’ ಹೊಡೆದು ಟೋಕನ್ ಕೊಟ್ಟರೆ ‘ಇಎಸ್‌ಎಂ-ಆ್ಯಪ್ಸ್’ ಚಾಲೂ ಆಗುತ್ತದೆ. ಯೂನಿವರ್ಸ್ ಪ್ಯಾಕೇಜುಗಳಿಗೂ ಉಬುಂಟು ಹೊರತರುವ ಕೆನಾನಿಕಲ್ ಕಂಪನಿಯಿಂದಲೇ ಭದ್ರತಾ ಅಪ್‌ಡೇಟ್ ಬರುತ್ತದೆ. ಆಮೇಲೆ ‘ಪ್ರೊ ಸೆಕ್ಯೂರಿಟಿ-ಸ್ಟೇಟಸ್’ ಹೊಡೆದು, ಬಂದದ್ದನ್ನು ಪ್ರಿಂಟ್ ತೆಗೆದು ಆ ತಪಾಸಣೆಯವರಿಗೆ ಕೊಡಿ. ನಾವೂ ಇಲ್ಲಿ ಲ್ಯಾಬಿನ ಸರ್ವರ್‌ಗೆ ಹೀಗೇ ಮಾಡಿದ್ದೇವೆ.

ಎಂಐಆರ್ ಬಗ್ಗೆ ನವನಗರದವರು ಹೇಳಲಿ. ಅದು ಅವರ ವಿಷಯ.

ನವನಗರ_ಪ್ಯಾಕೇಜರ್

ಅಕ್ಕಾ, ಪ್ರಶ್ನೆ ಬಹಳ ಚೆನ್ನಾಗಿದೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಾನು ಬಾಗಲಕೋಟೆಯಲ್ಲಿದ್ದುಕೊಂಡು ಡೆಬಿಯನ್‌ನ (ಉಬುಂಟುಗೆ ಮೂಲವಾದ ಲಿನಕ್ಸ್) ಕೆಲವು ಸಣ್ಣ ಪ್ಯಾಕೇಜುಗಳನ್ನು ನೋಡಿಕೊಳ್ಳುತ್ತೇನೆ. ಎಂಐಆರ್ ಬಗ್‌ಗಳನ್ನು ಕೂತು ಓದುವುದು ನನಗೆ ಇಷ್ಟದ ಕೆಲಸ. ಒಬ್ಬ ಜಾಣ ಪರಿಶೀಲಕ ಬೇರೆಯವರ ಕೋಡನ್ನು ಹೇಗೆ ಓದುತ್ತಾನೆ ಅನ್ನುವುದು ಅಲ್ಲಿ ಕಾಣುತ್ತದೆ. ಕಲಿಯುವವರಿಗೆ ಅಂಥ ಪಾಠ ಬೇರೆ ಕಡೆ ಸಿಗುವುದು ಕಷ್ಟ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಮೇನ್‌ಗೆ ಸೇರುವುದು ಒಳ್ಳೆಯ ಸಾಫ್ಟ್‌ವೇರ್‌ಗೆ ಕೊಡುವ ಪದಕ ಅಲ್ಲ. ಮುಂದೆ ಅಷ್ಟು ವರ್ಷ ಇದು ಕೆಟ್ಟರೆ ನಾವು ಎದ್ದು ಬಂದು ಸರಿಮಾಡುತ್ತೇವೆ ಅಂತ ಒಂದು ತಂಡ ಕೊಡುವ ಮಾತು ಅದು. ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಆದರೆ 5 ವರ್ಷ, ಪ್ರೊ ಸೇರಿದರೆ 10. ಟ್ರ್ಯಾಕ್ಟರ್ ಕೊಳ್ಳುವ ರೈತ ಎಂಜಿನ್ ನೋಡಿ ಸುಮ್ಮನಾಗುವುದಿಲ್ಲ. ಕೆಟ್ಟರೆ ಮುಧೋಳದಲ್ಲಿ ಬಿಡಿಭಾಗ ಸಿಗುತ್ತಾ, ಮೇಸ್ತ್ರಿ ಇದ್ದಾನಾ ಅಂತ ಕೇಳುತ್ತಾನೆ. ಎಂಐಆರ್ ಕೇಳುವುದೂ ಅದನ್ನೇ. ಹಾಗಾಗಿ ಅರ್ಜಿಯಲ್ಲಿ ಯಾರೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಅಂದರೆ ‘ಒಡೆತನ ಯಾವ ತಂಡದ್ದು?’ ಆ ಪ್ಯಾಕೇಜಿನ ಬಗ್‌ಗಳೆಲ್ಲ ತನಗೆ ಬರುವಂತೆ ಆ ತಂಡ ಉಬುಂಟುವಿನ ಬಗ್ ದಾಖಲಿಸುವ ತಾಣ ಲಾಂಚ್‌ಪ್ಯಾಡ್‌ನಲ್ಲಿ ಹೆಸರು ಹಚ್ಚಿರಬೇಕು. ಅದಿಲ್ಲದಿದ್ದರೆ ಉಳಿದ ಉತ್ತರ ಎಷ್ಟೇ ಸೊಗಸಾಗಿದ್ದರೂ ಅರ್ಜಿ ಮುಂದೆ ಹೋಗುವುದಿಲ್ಲ.

ಬಗ್ ತೆರೆಯಲು ಯಾರಿಗೂ ಅಡ್ಡಿ ಇಲ್ಲ. ಲಾಂಚ್‌ಪ್ಯಾಡ್ ಖಾತೆ ಇದ್ದರೆ ಸಾಕು. ಅದಕ್ಕೊಂದು ಸಿದ್ಧ ನಮೂನೆ ಇದೆ. ಮೇನ್‌ನಲ್ಲಿ ಯಾಕೆ ಬೇಕು, ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಬಿಲ್ಡ್ ಆಗುತ್ತಾ, ಹಿಂದೆ ಎಷ್ಟು ಸಿವಿಇ (ನಂಬರು ಕೊಟ್ಟು ಪ್ರಕಟಿಸಿದ ಭದ್ರತಾ ದೋಷ) ಬಂದಿವೆ, ಅವನ್ನು ಮೂಲ ಲೇಖಕರು ಹೇಗೆ ಸರಿಪಡಿಸಿದರು, ಟೆಸ್ಟ್ ಇವೆಯಾ, ಅವಲಂಬನೆಗಳೆಲ್ಲ ಆಗಲೇ ಮೇನ್‌ನಲ್ಲಿವೆಯಾ, ಹೀಗೆ ಕೇಳುತ್ತಾ ಹೋಗುತ್ತದೆ. ಇದೇ ಕೆಲಸ ಮಾಡುವ ಇನ್ನೊಂದು ಪ್ಯಾಕೇಜ್ ಈಗಾಗಲೇ ಮೇನ್‌ನಲ್ಲಿದ್ದರೆ ಇದು ಮತ್ತೆ ಯಾಕೆ ಅಂತಲೂ ಕೇಳುತ್ತಾರೆ. ಇನ್ನೊಂದು ಲೈಬ್ರರಿಯ ಕೋಡನ್ನು ತನ್ನ ಹೊಟ್ಟೆಯೊಳಗೆ ನಕಲು ಮಾಡಿಕೊಂಡಿದ್ದರೆ ಅಲ್ಲೇ ತಕರಾರು ಶುರು. ಆ ಲೈಬ್ರರಿಗೆ ರಂಧ್ರ ಬಿದ್ದ ದಿನ ಈ ನಕಲು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ. ಇಷ್ಟಾದ ಮೇಲೆ ಎಂಐಆರ್ ತಂಡದವರೊಬ್ಬರು ಪ್ಯಾಕೇಜನ್ನು ಬಿಚ್ಚಿ ಓದಿ, ಕಡ್ಡಾಯವಾಗಿ ಆಗಬೇಕಾದದ್ದು ಇಷ್ಟು, ಆದರೆ ಒಳ್ಳೆಯದು ಅನ್ನುವುದು ಇಷ್ಟು ಅಂತ ಬರೆಯುತ್ತಾರೆ.

ಈಗ ನಿಮ್ಮ ಟೆಸರಾಕ್ಟ್‌ಗೆ ಬರೋಣ. ಇದರ ಹುಟ್ಟು ಎಚ್‌ಪಿ ಕಂಪನಿಯಲ್ಲಿ, 1980ರ ದಶಕದಲ್ಲಿ. 2005ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟರು. ಆಮೇಲೆ ಬಹಳ ಕಾಲ ಗೂಗಲ್ ಪೋಷಿಸಿತು. ಲೈಸೆನ್ಸ್ ಅಪಾಚೆ 2.0, ಅದರಲ್ಲಿ ತೊಂದರೆ ಇಲ್ಲ. ಕಷ್ಟ ಬರುವುದು ಬೇರೆ ಕಡೆ.

ಟೆಸರಾಕ್ಟ್ ಮಾಡುವ ಕೆಲಸವೇ ಹೊರಗಿನಿಂದ ಬಂದ ಚಿತ್ರ ಓದುವುದು. ನೀವು ಸ್ಕ್ಯಾನ್ ಮಾಡಿದ ಪುಟ ಸುರಕ್ಷಿತ, ಒಪ್ಪಿದೆ. ಆದರೆ ಯಾರೋ ಮೇಲ್‌ನಲ್ಲಿ ಕಳಿಸಿದ ಫೈಲನ್ನೂ ಅದೇ ಕೋಡ್ ಓದುತ್ತದೆ. ನಂಬಿಕೆ ಇಲ್ಲದ ಡೇಟಾವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಕೋಡ್ ಓದುತ್ತದೆ ಅಂದ ಕೂಡಲೇ ಎಂಐಆರ್‌ನವರು ಅದನ್ನು ಭದ್ರತಾ ತಂಡಕ್ಕೆ ದಾಟಿಸುತ್ತಾರೆ. ಅದು ಇನ್ನೊಂದು ಸರತಿ. ಭದ್ರತಾ ತಂಡದವರು ಕೋಡ್ ಒಳಗೆ ಇಳಿಯುತ್ತಾರೆ. ಮೆಮೊರಿ ಹೇಗೆ ಬಳಸಿದ್ದಾರೆ, ಶೆಲ್ ಕರೆಯುತ್ತಾರಾ, ತಾತ್ಕಾಲಿಕ ಫೈಲ್ ಎಲ್ಲಿ ಮಾಡುತ್ತಾರೆ, ಎಲ್ಲ ನೋಡುತ್ತಾರೆ.

ಇದು ಸುಮ್ನೆ ಮಡಿವಂತಿಕೆ ಅಲ್ಲ. ನೀವೇ ಬಳಸುವ ಇಮೇಜ್‌ಮ್ಯಾಜಿಕ್ ನೋಡಿ. 2016ರ ಮೇ ತಿಂಗಳಲ್ಲಿ ‘ಇಮೇಜ್‌ಟ್ರ್ಯಾಜಿಕ್’ ಅನ್ನುವ ದೋಷ ಹೊರಬಿತ್ತು. ಸಿವಿಇ-2016-3714 ಅದರ ನಂಬರು. ಚಿತ್ರದ ಫೈಲ್ ಒಳಗೆ ಶೆಲ್ ಆಜ್ಞೆ ಅಡಗಿಸಿಟ್ಟರೆ ಸರ್ವರ್ ಅದನ್ನು ನಡೆಸಿಬಿಡುತ್ತಿತ್ತು. ಟೆಸರಾಕ್ಟ್ ಕುಳಿತಿರುವುದು ಲೆಪ್ಟೊನಿಕಾ ಅನ್ನುವ ಚಿತ್ರ ಲೈಬ್ರರಿಯ ಮೇಲೆ. ಅದರಲ್ಲೂ 2018ರಲ್ಲಿ ಇಂಥದೇ ಒಂದು ಕಮಾಂಡ್ ಇಂಜೆಕ್ಷನ್ ಸಿಕ್ಕಿತು. ಗ್ರಾಫ್ ಬಿಡಿಸುವ ಒಂದು ಮೂಲೆಯ ಫಂಕ್ಷನ್‌ನಲ್ಲಿತ್ತು ಅದು. ಓಸಿಆರ್ ಮಾಡುವವರು ಅದನ್ನು ಕರೆಯುವುದೇ ಇಲ್ಲ. ಆದರೂ ಕೋಡ್ ಒಳಗೆ ಇತ್ತಲ್ವಾ? ಪರಿಶೀಲಕನ ಕಣ್ಣು ಇಂಥ ಮೂಲೆಗಳ ಮೇಲೇ ಇರಬೇಕು.

ಲೆಪ್ಟೊನಿಕಾ ಕೂಡ ಯೂನಿವರ್ಸ್‌ನಲ್ಲಿರುವುದು. ಮೇನ್‌ನಲ್ಲಿರುವ ಪ್ಯಾಕೇಜ್ ಮೇನ್‌ನಲ್ಲಿರುವುದನ್ನೇ ನೆಚ್ಚಿರಬೇಕು ಅನ್ನುವುದು ನಿಯಮ. ಹಾಗಾಗಿ ಒಂದಲ್ಲ, ಅರ್ಜಿಗಳ ಒಂದು ಸಾಲೇ ಬೇಕು. ಕನ್ನಡದ ಡೇಟಾ ಬರುವುದು ‘ಟೆಸರಾಕ್ಟ್-ಲ್ಯಾಂಗ್’ ಅನ್ನುವ ಬೇರೆ ಸೋರ್ಸ್‌ನಿಂದ. ಅದರಲ್ಲಿರುವುದು ತರಬೇತಿ ಕೊಟ್ಟು ತಯಾರಾದ ಮಾದರಿ, ಬಿಲ್ಡ್ ಮಾಡಿ ಪಡೆಯುವಂಥದ್ದಲ್ಲ. ಒಂದು ಒತ್ತಕ್ಷರವನ್ನು ಅದು ಯಾವಾಗಲೂ ತಪ್ಪು ಓದಿದರೆ ಪ್ಯಾಚ್ ಹಾಕಿ ಸರಿಮಾಡಲು ಆಗುವುದಿಲ್ಲ. ಮತ್ತೆ ತರಬೇತಿ ಕೊಡಬೇಕು. ಅದನ್ನು ಯಾರು ಕೊಡುತ್ತಾರೆ ಅಂತ ನಾನು ಪರಿಶೀಲಕ ಆಗಿದ್ದರೆ ಖಂಡಿತ ಕೇಳುತ್ತಿದ್ದೆ.

ಇಷ್ಟೆಲ್ಲ ಪಾಸಾದರೂ ಮೇನ್‌ನಲ್ಲಿ ಉಳಿಯಲು ಅದನ್ನು ಎಳೆದುಕೊಳ್ಳುವವರು ಬೇಕು. ಅಂದರೆ ಡೆಸ್ಕ್‌ಟಾಪ್ ಅಥವಾ ಸರ್ವರ್‌ನ ಸೀಡ್ ಪಟ್ಟಿಯಲ್ಲಿ (ಯಾವ್ಯಾವ ಪ್ಯಾಕೇಜ್ ಇರಬೇಕು ಅನ್ನುವ ಪಟ್ಟಿ) ಹೆಸರಿರಬೇಕು, ಇಲ್ಲವೇ ಮೇನ್‌ನ ಇನ್ನೊಂದು ಪ್ಯಾಕೇಜ್ ಅದನ್ನು ನೆಚ್ಚಿರಬೇಕು. ಎರಡೂ ಇಲ್ಲದಿದ್ದರೆ ಹೊಂದಾಣಿಕೆ ತಪ್ಪಿದ ಪ್ಯಾಕೇಜುಗಳ ವರದಿಯಲ್ಲಿ ಅದರ ಹೆಸರು ಬರುತ್ತದೆ, ಆಮೇಲೆ ಕೆಳಗಿಳಿಸುತ್ತಾರೆ. ಇಮೇಜ್‌ಮ್ಯಾಜಿಕ್ ಕೂಡ ಒಂದು ಕಾಲಕ್ಕೆ ಮೇನ್‌ನಲ್ಲೇ ಇತ್ತು.

ಹಾಗಾಗಿ ನೇರವಾಗಿ ಹೇಳುತ್ತೇನೆ, ಅರ್ಜಿ ಹಾಕುವುದರಿಂದ ನಿಮ್ಮ ಕೆಲಸ ಆಗುವುದಿಲ್ಲ. ಸದ್ಯಕ್ಕೆ ಟಿಳಕವಾಡಿಯವರು ಹೇಳಿದ್ದೇ ಸರಿಯಾದ ದಾರಿ. ಆದರೆ ಅರ್ಜಿಗಿಂತ ಹೆಚ್ಚು ಉಪಯೋಗದ ಒಂದು ಕೆಲಸ ಇದೆ. ಅದನ್ನು ನೀವು ಅಲ್ಲೇ ಕೂತು ಮಾಡಬಹುದು. ಅದೇ ಟೆಸ್ಟ್. ಕನ್ನಡ ಪುಟ ಓದಿ ನೋಡುವ ಟೆಸ್ಟ್ ಪ್ಯಾಕೇಜಿನೊಳಗೆ ಇದ್ದರೆ, ನಾಳೆ ಲೆಪ್ಟೊನಿಕಾದ ಹೊಸ ಆವೃತ್ತಿಯೋ ಕಂಪೈಲರೋ ಕನ್ನಡವನ್ನು ಕೆಡಿಸಿದ ದಿನವೇ ಯಂತ್ರ ಕೂಗಿ ಹೇಳುತ್ತದೆ. ಈಗ ಹಾಗೆ ಕೆಟ್ಟರೆ ಮೊದಲು ಗೊತ್ತಾಗುವುದು ನಿಮಗೆ, ಅದೂ ಪುಸ್ತಕ ಅರ್ಧ ಮುಗಿದ ಮೇಲೆ.

ಗಣೇಶಪುರ_ಗ್ನೂ

ನವನಗರದವರ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಕನ್ನಡ ಫಾಂಟುಗಳು ಮೇನ್‌ನಲ್ಲೇ ಇವೆ ಅಲ್ವಾ? ಅವಕ್ಕೆ ಸಿಕ್ಕ ಜಾಗ ಓಸಿಆರ್‌ಗೆ ಯಾಕೆ ಇಲ್ಲ? ನಾವು ಕೇಳದಿದ್ದರೆ ಯಾರೂ ಕೊಡುವುದಿಲ್ಲ. ನನ್ನ ಪ್ರಕಾರ ಮೇಡಂ ಬಗ್ ಹಾಕಲೇಬೇಕು. ನಾವೆಲ್ಲ ಹೋಗಿ ‘ನಮಗೂ ಬೇಕು’ ಅಂತ ಒತ್ತೋಣ. ಬೆಳಗಾವಿಯಲ್ಲಿ ಮರಾಠಿ ಓಸಿಆರ್ ಬಳಸುವವರೂ ಕೈ ಜೋಡಿಸುತ್ತಾರೆ.

ಇನ್ನೊಂದು. ಈ ಪರಿಶೀಲನೆ ಅಷ್ಟು ಗಟ್ಟಿಯಾಗಿದ್ದರೆ ಫೈಲ್ ಕುಗ್ಗಿಸುವ ಎಕ್ಸ್‌ಝಡ್‌ನಲ್ಲಿ ಇಟ್ಟಿದ್ದ ಹಿಂಬಾಗಿಲು ಹೇಗೆ ನುಸುಳಿತು?

ನವನಗರ_ಪ್ಯಾಕೇಜರ್

ಫಾಂಟ್ ಮೇನ್‌ನಲ್ಲಿರುವುದು ಡೆಸ್ಕ್‌ಟಾಪ್ ಜೊತೆಗೇ ಅವು ಬರುವುದರಿಂದ. ಅಂದರೆ ಮೇನ್ ಒಳಗಿನಿಂದಲೇ ಅವನ್ನು ಎಳೆದುಕೊಳ್ಳುವವರಿದ್ದಾರೆ. ಓಸಿಆರ್ ಅನ್ನು ಯಾವ ಡೀಫಾಲ್ಟ್ ಆ್ಯಪ್ ಬಳಸುತ್ತದೆ ಹೇಳಿ? ಸ್ಕ್ಯಾನ್ ಮಾಡುವ ಡೀಫಾಲ್ಟ್ ಆ್ಯಪ್‌ಗೆ ಓಸಿಆರ್ ಬೇಕೇಬೇಕು ಅಂತ ಆದರೆ ಆಗ ಬಾಗಿಲು ತೆರೆಯುತ್ತದೆ. ‘ನಮಗೂ ಬೇಕು’ ಅಂತ ನೂರು ಜನ ಬರೆದರೂ ಒಡೆತನದ ಖಾನೆ ಖಾಲಿಯೇ ಇರುತ್ತದೆ. ಆ ಬಗ್ ‘ಇನ್‌ಕಂಪ್ಲೀಟ್’ ಅಂತ ಕೂತಿರುತ್ತದೆ. ಅದೇ ನೂರು ಜನ ಒಂದೊಂದು ಪುಟ ತಿದ್ದಿ ಕೊಟ್ಟರೆ ಭಾಷೆಗೆ ಎಷ್ಟು ಲಾಭ! ನನಗೆ ಇದು ನಿಜವಾಗಿ ಮುಖ್ಯ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ.

ಎಕ್ಸ್‌ಝಡ್ ಪ್ರಶ್ನೆ ಒಳ್ಳೆಯದು. ಅದು ಮೊದಲಿನಿಂದಲೂ ಎಲ್ಲ ಡಿಸ್ಟ್ರೋಗಳಲ್ಲಿ ಬೆಂಬಲ ಇದ್ದ ಪ್ಯಾಕೇಜ್. ಮೂಲ ಲೇಖಕ ಒಬ್ಬರೇ, ದಣಿದಿದ್ದರು. ಸಹಾಯಕ್ಕೆ ಬಂದವನು ವರ್ಷಗಟ್ಟಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಆಮೇಲೆ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟ. ಅದರ ಕೀಲಿ ಇದ್ದದ್ದು ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಕೋಡಿನ ಕಟ್ಟು), ಎಲ್ಲರೂ ನೋಡುವ ಗಿಟ್ ಕೋಡಿನಲ್ಲಿ ಅಲ್ಲ. ಉಳಿದ ಭಾಗ ಟೆಸ್ಟ್ ಫೈಲುಗಳ ವೇಷದಲ್ಲಿತ್ತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಅದನ್ನು ಬಯಲಿಗೆ ತಂದರು. ದೂರದ ಮಷೀನಿಗೆ ಎಸ್‌ಎಸ್‌ಎಚ್ ಲಾಗಿನ್ ಯಾಕೋ ನಿಧಾನ ಆಯಿತು ಅಂತ ಬೆನ್ನು ಹತ್ತಿದ್ದರಿಂದ ಸಿಕ್ಕಿತು. ಉಬುಂಟು 24.04ರ ಬೀಟಾ ಏಪ್ರಿಲ್ 4ರಿಂದ 11ಕ್ಕೆ ಹೋಯಿತು, ಪ್ಯಾಕೇಜುಗಳನ್ನು ಹೊಸದಾಗಿ ಬಿಲ್ಡ್ ಮಾಡಬೇಕಾಯಿತು. ಒಮ್ಮೆ ಪರಿಶೀಲಿಸಿ ಒಳಗೆ ಬಿಟ್ಟರೆ ಮುಗಿಯಲಿಲ್ಲ, ನೋಡುತ್ತಲೇ ಇರುವವರು ಬೇಕು. ಒಡೆತನದ ಪ್ರಶ್ನೆಗೆ ನಾನು ಇಷ್ಟು ತೂಕ ಕೊಡುವುದು ಇದಕ್ಕೇ.

ವಾಚನಾಲಯ_ವಿಜಯಪುರ

ಓದಿದೆ. ಎರಡು ಸಲ ಓದಿದೆ. ಪ್ರೊ ಹಾಕಿಸುತ್ತೇವೆ. ನಮ್ಮಲ್ಲಿ ಇರುವುದೇ ಮೂರು ಮಷೀನು, ಹಾಗಾಗಿ ಉಚಿತದಲ್ಲೇ ಆಗುತ್ತದೆ.

ಟೆಸ್ಟ್ ಮಾತು ಮನಸ್ಸಿಗೆ ಹಿಡಿಸಿತು. ಅದಕ್ಕೆ ಏನು ಕೊಡಬೇಕು? ಕಾಪಿರೈಟ್ ತೊಂದರೆ ಬರುತ್ತದಾ? ಮತ್ತೆ ಇದನ್ನು ಉಬುಂಟುಗೆ ಕೊಡುವುದೋ ಡೆಬಿಯನ್‌ಗೋ? ಇನ್ನು ಇಮೇಜ್‌ಮ್ಯಾಜಿಕ್ ಕಥೆ ಕೇಳಿ ಸ್ವಲ್ಪ ಹೆದರಿಕೆ ಆಯಿತು. ಪಿಡಿಎಫ್ ಕೊಟ್ಟರೆ ಅದು ‘ಭದ್ರತಾ ನೀತಿ ಒಪ್ಪುವುದಿಲ್ಲ’ ಅಂತ ಬೈಯುತ್ತಿತ್ತು. ಯಾರೋ ಹೇಳಿಕೊಟ್ಟಂತೆ ಆ ನಿಯಮ ತೆಗೆದುಹಾಕಬೇಕು ಅಂತಿದ್ದೆವು.

ನವನಗರ_ಪ್ಯಾಕೇಜರ್

ಆ ನಿಯಮ ತೆಗೆಯಬೇಡಿ ಅಕ್ಕಾ. ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದಾರೆ. ಪಿಡಿಎಫ್‌ನಿಂದ ಪುಟಗಳ ಚಿತ್ರ ತೆಗೆಯಲು ಪಾಪ್ಲರ್‌ನ ‘ಪಿಡಿಎಫ್‌ಟುಪಿಪಿಎಂ’ ಬಳಸಿ. ಅದು ಮೇನ್‌ನಲ್ಲಿದೆ. ಓರೆಯಾದ ಪುಟ ತಿರುಗಿಸುವುದು, ಅಂಚು ಕತ್ತರಿಸುವುದು, ಕಪ್ಪು ಬಿಳುಪು ಮಾಡುವುದು ಇಷ್ಟೇ ಆದರೆ ಪೈಥಾನ್‌ನ ಪಿಲ್ಲೋ ಸಾಕು, ಅದೂ ಮೇನ್‌ನಲ್ಲಿದೆ. ಸಣ್ಣ ಸ್ಕ್ರಿಪ್ಟ್ ನಾನು ಬರೆದು ಕೊಡುತ್ತೇನೆ. ಆಮೇಲೆ ಇಮೇಜ್‌ಮ್ಯಾಜಿಕ್ ತೆಗೆದುಬಿಡಿ. ತಪಾಸಣೆಯವರ ಪಟ್ಟಿಯಲ್ಲಿ ಉಳಿಯುವುದು ಟೆಸರಾಕ್ಟ್ ಮತ್ತು ಲೆಪ್ಟೊನಿಕಾ, ಅವಕ್ಕೆ ಪ್ರೊ ಇದೆ.

ಟೆಸ್ಟ್ ಅನ್ನು ಡೆಬಿಯನ್‌ಗೆ ಕೊಡಬೇಕು. ಉಬುಂಟು ತನ್ನದೇ ಬದಲಾವಣೆ ಮಾಡಿರದ ಪ್ಯಾಕೇಜುಗಳನ್ನು ಅಲ್ಲಿಂದಲೇ ತಾನಾಗಿ ಎಳೆದುಕೊಳ್ಳುತ್ತದೆ. ಬರುವುದು ಮುಂದಿನ ಬಿಡುಗಡೆಗೆ, ನಿಮ್ಮ 24.04ಕ್ಕೆ ಅಲ್ಲ. ಡೆಬಿಯನ್‌ನಲ್ಲಿ ಮೇನ್, ಯೂನಿವರ್ಸ್ ಅಂತ ಈ ಬಗೆಯ ಗೋಡೆಯೇ ಇಲ್ಲ. ಟೆಸರಾಕ್ಟ್ ಅಲ್ಲಿ ಮೇನ್‌ನಲ್ಲೇ ಇದೆ. ಯಾವುದಕ್ಕಾದರೂ ಭದ್ರತಾ ಬೆಂಬಲ ಕಡಿಮೆ ಇದ್ದರೆ ‘ಚೆಕ್-ಸಪೋರ್ಟ್-ಸ್ಟೇಟಸ್’ ಅನ್ನುವ ಆಜ್ಞೆ ಹೇಳುತ್ತದೆ. ಮುಂದೆ ಮಷೀನು ಬದಲಿಸುವಾಗ ಇದನ್ನೂ ಯೋಚಿಸಿ.

ಕಾಪಿರೈಟ್ ಬಗ್ಗೆ ನೀವು ಕೇಳಿದ್ದು ಸರಿಯಾಯಿತು. ಡೆಬಿಯನ್ ಮೇನ್ ಒಳಗೆ ಹೋಗುವ ಪ್ರತಿ ಫೈಲೂ ಮುಕ್ತವಾಗಿರಬೇಕು, ಟೆಸ್ಟ್ ಚಿತ್ರವೂ ಸೇರಿ. ನಿಮ್ಮ ಊರಲ್ಲೇ ಉತ್ತರ ಇದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಭಾರತದಲ್ಲಿ ಲೇಖಕರು ತೀರಿದ ಮುಂದಿನ ವರ್ಷದಿಂದ 60 ವರ್ಷ ಎಣಿಸುತ್ತಾರೆ. ಅಂದರೆ ಅವರ ಬರಹ 2025ರ ಜನವರಿ 1ರಿಂದ ಎಲ್ಲರದ್ದು. ವಚನಗಳಂತೂ 12ನೇ ಶತಮಾನದವು. ಅವರೇ ಬರೆದ ಗದ್ಯದ ಒಂದು ಪುಟ, ವಚನ ಇರುವ ಒಂದು ಪುಟ ಆರಿಸಿ. ಬೇರೆಯವರು ಬರೆದ ಮುನ್ನುಡಿ ಬೇಡ.

ಪುಟ 300 ಡಿಪಿಐನಲ್ಲಿರಲಿ, ಪಿಎನ್‌ಜಿ ಮಾಡಿ. ಅದರ ಪಠ್ಯವನ್ನು ಕೈಯಿಂದ ಟೈಪ್ ಮಾಡಿ ಇಬ್ಬರು ಬೇರೆ ಬೇರೆಯಾಗಿ ತಾಳೆ ನೋಡಿ. ಅರ್ಕಾವತ್ತು ಇರಬೇಕು, ‘ಸ್ತ್ರ’ದಂಥ ಎರಡು ಒತ್ತು ಇರಬೇಕು, ದೀರ್ಘ ಇರಬೇಕು. ಹಳೇ ಮೊಳೆ ಅಚ್ಚಿನಲ್ಲಿ ದೀರ್ಘದ ಗುರುತು ಅಕ್ಷರದಿಂದ ದೂರ ಸರಿದಿರುತ್ತದೆ, ಮಾದರಿ ಎಡವುವುದು ಅಲ್ಲೇ ಜಾಸ್ತಿ. ಉಬುಂಟು ಕಟ್ಟುವುದು ಇಂಟೆಲ್‌ಗೆ ಮಾತ್ರ ಅಲ್ಲ. ಆರ್ಮ್, ಪವರ್, ಐಬಿಎಂ ಮೇನ್‌ಫ್ರೇಮ್, ರಿಸ್ಕ್-ವಿ ಎಲ್ಲಕ್ಕೂ. ಲೆಕ್ಕದ ಸಣ್ಣ ವ್ಯತ್ಯಾಸಕ್ಕೆ ಒಂದೆರಡು ಅಕ್ಷರ ಬದಲಾಗಬಹುದು. ಹಾಗಾಗಿ ಇಡೀ ಪುಟ ಅಕ್ಷರಶಃ ಹೊಂದಬೇಕು ಅಂತ ಟೆಸ್ಟ್ ಬರೆಯುವುದಿಲ್ಲ. ಸ್ಪಷ್ಟವಾಗಿ ಅಚ್ಚಾದ ಕೆಲವು ಪದ ಸಿಕ್ಕರೆ ಪಾಸು. ‘ಕೊ’ದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿಗೆ (ಒಂದೇ ಸಂಕೇತದ ರೂಪಕ್ಕೆ) ತರುವ ಸಾಲು ನಾನು ಹಾಕುತ್ತೇನೆ. ಟೆಸ್ಟ್ ನಿಯಂತ್ರಣದ ಫೈಲ್, ಡೆಬಿಯನ್‌ನವರ ಜೊತೆ ಮಾತುಕತೆ, ಅದೆಲ್ಲ ನನಗೆ ಬಿಡಿ.

ಗಣೇಶಪುರ_ಗ್ನೂ

ಹಾಗಾದರೆ ಮರಾಠಿಗೆ ಇದೇ ತರಹ ಒಂದು ಪುಟ ನಾವು ಇಲ್ಲಿಂದ ಕೊಡುತ್ತೇವೆ. ಲೇಖಕರು ತೀರಿದ ವರ್ಷ ನೋಡಿಯೇ ಆರಿಸುತ್ತೇವೆ.

ವಾಚನಾಲಯ_ವಿಜಯಪುರ

ನಮ್ಮಲ್ಲಿ ಸಂಜೆ ಬರುವ ಒಬ್ಬ ನಿವೃತ್ತ ಮಾಸ್ತರರು ಪ್ರೂಫ್ ನೋಡುವುದರಲ್ಲಿ ಗಟ್ಟಿಗರು. ತಾಳೆ ನೋಡಲು ಅವರನ್ನು ಕೇಳಿದೆ, ಒಪ್ಪಿದ್ದಾರೆ. ಒಂದೇ ಸಂಶಯ. ಮೂಲ ಪುಟದಲ್ಲೇ ಅಚ್ಚಿನ ತಪ್ಪು ಇದೆ. ಟೈಪ್ ಮಾಡುವಾಗ ಅದನ್ನು ತಿದ್ದಬೇಕಾ, ಹಾಗೇ ಬಿಡಬೇಕಾ? ಮಾಸ್ತರರಿಗೆ ತಿದ್ದದೆ ಬಿಡುವುದು ಸಂಕಟ.

ನವನಗರ_ಪ್ಯಾಕೇಜರ್

ಟೆಸ್ಟ್‌ಗೆ ಕೊಡುವ ಫೈಲಿನಲ್ಲಿ ಪುಟದಲ್ಲಿ ಇರುವಂತೆಯೇ ಇರಲಿ. ಯಂತ್ರ ಕಂಡದ್ದನ್ನು ಓದಿತೋ ಇಲ್ಲವೋ ಅನ್ನುವುದಷ್ಟೇ ನಮಗೆ ಬೇಕು. ಮಾಸ್ತರರು ತಿದ್ದಿದ ಪ್ರತಿಯನ್ನು ನಿಮ್ಮ ವಾಚನಾಲಯದ ಓದುಗರಿಗೆ ಬೇರೆ ಫೈಲಾಗಿ ಇಡಿ. ಎರಡನ್ನೂ ನನಗೆ ಕಳಿಸಿ.